ಜಪಾನಿ ಮೇಪಲ್ ಬೋನ್ಸಾಯ್: ಎಲೆಯಂಚು ಸುಡುತ್ತಿದೆ, ಗೆಣ್ಣು ಉದ್ದವಾಗಿವೆ. ಎಲೆ ಬೋಳಿಸಬಹುದೇ?

ಹೊಸಚಿಗುರು
ಏಸರ್ ಪಾಮೇಟಮ್, ಬೀಜದಿಂದ ಬಂದ ಗಿಡ, ಕಸಿಯದ್ದಲ್ಲ. ಬುಡದಲ್ಲಿ ಕಾಂಡದ ದಪ್ಪ 3 ಸೆಂ.ಮೀ., ಎತ್ತರ 35 ಸೆಂ.ಮೀ. ಕುಂಡದ ಆಳ 5 ಸೆಂ.ಮೀ. ತೋಟದ ಮಣ್ಣು, ಕೊಕೊಪೀಟ್, ಸಣ್ಣ ಮರಳು ಸಮಪಾಲು. ನೀರು ಬಸಿಯಲೆಂದು ತಳದಲ್ಲಿ ಒಂದು ಪದರ ಜಲ್ಲಿ ಹಾಕಿದೆ. ಈ ವಸಂತದಲ್ಲಿ ಮೊಗ್ಗು ಉಬ್ಬುವಾಗ ಕುಂಡ ಬದಲಾಗಿದೆ. ಚಿಗುರು ಚೆನ್ನಾಗಿಯೇ ಬಂತು. ಬಿಸಿಲು ಏರುತ್ತಿದ್ದಂತೆ ಎಲೆಗಳ ತುದಿ ಮತ್ತು ಅಂಚು ಕಂದಾಗಿ ಮುರುಟುತ್ತಿವೆ. ಎಲೆ ಅಂಗೈಯಗಲ, ಗೆಣ್ಣಿಂದ ಗೆಣ್ಣಿಗೆ 5–6 ಸೆಂ.ಮೀ. ಎಲ್ಲ ಎಲೆ ಕತ್ತರಿಸಿದರೆ ಸಣ್ಣ ಹೊಸ ಎಲೆ ಬರುತ್ತವೆ, ಸುಟ್ಟವೂ ಹೋಗುತ್ತವೆ ಎಂದು ಓದಿದ್ದೇನೆ. ಈಗ ಮಾಡಬಹುದೇ? ಗೊಬ್ಬರ ಎಷ್ಟು ಕೊಡಲಿ?

ಬೇರುಮೂಲ
ಬೇಡ. ಕತ್ತರಿ ಒಳಗಿಡಿ.

ಎಲೆ ಬೋಳಿಸಿದಾಗ ಗಿಡ ತನ್ನ ಕೂಡಿಟ್ಟ ಗಂಟಿನಿಂದ ಎರಡನೇ ಬಾರಿ ಎಲೆ ತೆಗೆಯಬೇಕು. ಆ ಗಂಟು ಇರುವುದು ಬೇರು ಮತ್ತು ಕಾಂಡದಲ್ಲಿ. ಕುಂಡ ಬದಲಿಸಿ ಬೇರು ಕತ್ತರಿಸಿದ ವರ್ಷವೇ ಎಲೆಯನ್ನೂ ಕಿತ್ತರೆ ಎರಡೂ ಕಡೆಯಿಂದ ಕೊಯ್ದಂತೆ. ರೆಂಬೆಗಳು ಒಂದೊಂದಾಗಿ ಒಣಗುತ್ತವೆ, ಅದೂ ಒಳಗಿನ ತೆಳು ರೆಂಬೆಗಳೇ ಮೊದಲು. ಮತ್ತೆ ಬೆಳೆಸಲು ಅತಿ ಕಷ್ಟವಾದವು ಅವೇ.

ಸುಟ್ಟ ಎಲೆ ರೋಗವಲ್ಲ, ಸೂಚನೆ. ಎಲೆಯಿಂದ ಹೋಗುವ ನೀರಿನ ವೇಗಕ್ಕೆ ಬೇರು ಪೂರೈಸಲಾಗದಿದ್ದರೆ ನಾಳಗಳ ಕೊನೆಯಲ್ಲಿರುವ ಅಂಚು ಮೊದಲು ಸಾಯುತ್ತದೆ. ಬೇರು ಏಕೆ ಪೂರೈಸುತ್ತಿಲ್ಲ ಎಂಬುದೇ ಪ್ರಶ್ನೆ. ಒಣಗಿಯೂ ಆಗಬಹುದು, ಉಸಿರುಕಟ್ಟಿಯೂ ಆಗಬಹುದು. ನಿಮ್ಮ ಮಿಶ್ರಣ ನೋಡಿದರೆ ಎರಡನೆಯದು.

ಒಂದು ಬಿದಿರುಕಡ್ಡಿಯನ್ನು ಕಾಂಡದಿಂದ ಮೂರು ಬೆರಳು ದೂರದಲ್ಲಿ ತಳ ಮುಟ್ಟುವವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಮೇಲೆ ಒಣಗಿದ್ದು ಕೆಳಗಿನ 3 ಸೆಂ.ಮೀ. ಗಾಢವಾಗಿ ನೆನೆದು ಹುಳಿವಾಸನೆ ಬಂದರೆ ಉತ್ತರ ಸಿಕ್ಕಿತು.

ಹೊಸಚಿಗುರು
ನೀರು ಹಾಕಿ ಒಂದು ದಿನದ ಮೇಲೆ ಚುಚ್ಚಿದೆ. ಮೇಲಿನ 1 ಸೆಂ.ಮೀ. ಮಾತ್ರ ಒಣ. ಕೆಳಗೆಲ್ಲ ಕಪ್ಪಗೆ ನೆನೆದಿದೆ. ಆದರೆ ಜಲ್ಲಿ ಇದೆಯಲ್ಲ?

ಜರಡಿ
ಜಲ್ಲಿಯೇ ತೊಂದರೆಯ ಒಂದು ಪಾಲು. ಪಾತ್ರೆ ತೊಳೆಯುವ ದಪ್ಪ ಸ್ಪಂಜನ್ನು ಪೂರ್ತಿ ನೆನೆಸಿ, ಅಂಗೈ ಮೇಲೆ ಚಪ್ಪಟೆಯಾಗಿ ಮಲಗಿಸಿ. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ: ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಎತ್ತರ ಬದಲಾಯಿತು ಅಷ್ಟೇ. ಪ್ರತಿ ಮಣ್ಣೂ ತಳದಲ್ಲಿ ಇಂತಿಷ್ಟು ಎತ್ತರದ ನೀರಿನ ಪದರ ಹಿಡಿದಿಟ್ಟುಕೊಳ್ಳುತ್ತದೆ. ಅದರ ಎತ್ತರ ಕಣದ ಗಾತ್ರದ ಮೇಲೆ ನಿಲ್ಲುತ್ತದೆ, ಕುಂಡದ ಆಳದ ಮೇಲಲ್ಲ. 30 ಸೆಂ.ಮೀ. ಆಳದ ಬಕೆಟ್ಟಿನಲ್ಲಿ ತಳದ 4 ಸೆಂ.ಮೀ. ನೆನೆದಿದ್ದರೆ ಬೇರು ಮೇಲೆ ಬದುಕಿಕೊಳ್ಳುತ್ತದೆ. 5 ಸೆಂ.ಮೀ. ಬೋನ್ಸಾಯ್ ಕುಂಡದಲ್ಲಿ ಅದೇ 4 ಸೆಂ.ಮೀ. ಎಂದರೆ ಇಡೀ ಮನೆಯೇ ಕೆರೆ.

ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಆ ನೆನೆದ ಪದರ ಜಲ್ಲಿಯ ಮೇಲೆ ಕೂರುತ್ತದೆ. ಅಂದರೆ ನೀವು 1 ಸೆಂ.ಮೀ. ಜಲ್ಲಿ ಹಾಕಿ ಬೇರಿಗಿದ್ದ ಜಾಗವನ್ನು 4 ಸೆಂ.ಮೀ.ಗೆ ಇಳಿಸಿದ್ದೀರಿ.

ಈಗ ಬೇಸಿಗೆಯ ನಡುವೆ ಮಣ್ಣು ಬದಲಿಸುವಂತಿಲ್ಲ. ಆದರೆ ಸ್ಪಂಜಿನ ಪಾಠ ಇಲ್ಲೇ ಕೆಲಸಕ್ಕೆ ಬರುತ್ತದೆ. ನೀರು ಹಾಕಿದ ಮೇಲೆ ಕುಂಡದ ಒಂದು ಬದಿಯ ಕೆಳಗೆ 4–5 ಸೆಂ.ಮೀ. ಮರದ ತುಂಡು ಕೊಟ್ಟು ಓರೆಯಾಗಿ ನಿಲ್ಲಿಸಿ. ಕುಂಡದ ಎತ್ತರ ಹೆಚ್ಚಿದಂತಾಗಿ ತಳದ ನೀರು ಕೆಳ ಅಂಚಿನ ತೂತಿನಿಂದ ಇಳಿಯುತ್ತದೆ. ಒಂದು ವಾರ ಒಂದು ಬದಿ, ಮರುವಾರ ಎದುರು ಬದಿ.

ಎಲೆಜೋಡಿ
ಜರಡಿಯವರು ಹೇಳಿದ್ದು ಸರಿ. ಆದರೆ ಸುಟ್ಟದ್ದಕ್ಕೆಲ್ಲ ಮಣ್ಣೇ ಕಾರಣ ಎಂದು ತೀರ್ಮಾನಿಸುವ ಮೊದಲು ಎಲೆಯನ್ನು ಸರಿಯಾಗಿ ನೋಡಿ. ಬಿಸಿಲು ಮತ್ತು ಗಾಳಿ ಬಡಿಯುವ ಕಡೆಯ ಎಲೆಗಳು ಮಾತ್ರ ಗರಿಗರಿಯಾಗಿದ್ದರೆ ಒಣಗಾಳಿಯ ಪಾಲೂ ಇದೆ. ಗಿಡದ ಎಲ್ಲ ಕಡೆಯೂ, ಒಳಗಿನ ನೆರಳಿನ ಎಲೆಗಳಲ್ಲೂ, ತುದಿಗಳು ಒಂದೇ ಅಳತೆಯಲ್ಲಿ ಕಂದಾಗಿದ್ದರೆ ಲವಣ: ಗಡಸು ನೀರು ಅಥವಾ ಹೆಚ್ಚಾದ ಗೊಬ್ಬರ. ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಗಡಸು ನೀರಿನಿಂದ ಪಿಎಚ್ ಏರಿ ಕಬ್ಬಿಣ ಸಿಗುತ್ತಿಲ್ಲ. ಈ ಮರಕ್ಕೆ 5.5ರಿಂದ 6.5ರ ಆಸುಪಾಸು ಹಿತ. ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಎಳೆ ರೆಂಬೆ ತುದಿಯಿಂದ ಕಪ್ಪಾಗಿ ಇಳಿಯುತ್ತ ಬಂದರೆ ಅದು ಬೇರೆಯೇ ಕಥೆ. ತಂಪು, ಒದ್ದೆ ಹವೆಯಲ್ಲಿ ಬರುವ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಇರಬಹುದು. ಕಪ್ಪು ನಿಂತ ಜಾಗದಿಂದ ಒಂದೆರಡು ಗೆಣ್ಣು ಕೆಳಗೆ, ಒಣದಿನ ನೋಡಿ ಕತ್ತರಿಸಿ. ಪ್ರತಿ ಕತ್ತರಿಕೆಗೂ ಬ್ಲೇಡನ್ನು 70% ಆಲ್ಕೋಹಾಲ್‌ನಿಂದ ಒರೆಸಿ. ಚೆನ್ನಾಗಿದ್ದ ಒಂದಿಡೀ ಕೊಂಬೆ ಬೇಸಿಗೆಯಲ್ಲಿ ದಿಢೀರನೆ ಸೊರಗಿ, ಅಡ್ಡ ಕೊಯ್ದಾಗ ಹಸಿಮರದಲ್ಲಿ ಕಂದು-ಹಸಿರು ಕಲೆ ಕಂಡರೆ ವರ್ಟಿಸಿಲಿಯಮ್ ಸೊರಗು ರೋಗ. ಮಣ್ಣಿನಿಂದ ಬರುವ ಶಿಲೀಂಧ್ರ, ವಾಸಿ ಮಾಡುವ ಔಷಧಿ ಇಲ್ಲ. ಆ ಮಣ್ಣನ್ನು ಇನ್ನೊಂದು ಮೇಪಲ್‌ಗೆ ಬಳಸಬೇಡಿ. ತೋಟದ ಮಣ್ಣನ್ನು ಕುಂಡಕ್ಕೆ ತರಬಾರದು ಎನ್ನಲು ಇದೂ ಒಂದು ಕಾರಣ.

ಹೊಸಚಿಗುರು
ಸುಟ್ಟಿರುವುದು ಹೆಚ್ಚಾಗಿ ಪಶ್ಚಿಮದ ಕಡೆ. ಒಳಗಿನ ಎಲೆಗಳು ಹಸಿರಾಗಿವೆ. ಹಾಗಾದರೆ ನೆರಳಿಗೆ ಸರಿಸಿಬಿಡಲೇ?

ಎಲೆಜೋಡಿ
ಪೂರ್ತಿ ನೆರಳು ಬೇಡ. ನೆರಳಿನಲ್ಲಿ ಎಲೆ ಇನ್ನೂ ಅಗಲವಾಗುತ್ತದೆ, ಗೆಣ್ಣು ಇನ್ನೂ ಎಳೆಯುತ್ತದೆ. ಬೆಳಗಿನ 4–5 ಗಂಟೆ ನೇರ ಬಿಸಿಲು, ಮಧ್ಯಾಹ್ನದ ಮೇಲೆ 30–50% ನೆರಳಿನ ಬಲೆ, ಒಣಗಾಳಿಗೆ ಒಂದು ತಡೆ. ಕುಂಡದ ಮೈಗೆ ಬಿಸಿಲು ಬೀಳದಂತೆ ಮಾಡಿ, ಎಷ್ಟೋ ಸಲ ಎಲೆಗಿಂತ ಮೊದಲು ಬೇಯುವುದು ಕುಂಡದ ಗೋಡೆಗೆ ಅಂಟಿದ ಬೇರು. ಅರ್ಧ ಸುಟ್ಟ ಎಲೆಯನ್ನು ಹಾಗೇ ಬಿಡಿ, ಉಳಿದ ಹಸಿರು ಇನ್ನೂ ದುಡಿಯುತ್ತಿದೆ. ಪೂರ್ತಿ ಒಣಗಿದ್ದನ್ನು ಮಾತ್ರ ತೆಗೆಯಿರಿ, ತೊಟ್ಟು ಉಳಿಸಿ.

ಗೊಬ್ಬರ ಸದ್ಯಕ್ಕೆ ಸೊನ್ನೆ. ಉಸಿರುಕಟ್ಟಿದ ಬೇರಿಗೆ ಲವಣ ಸುರಿದರೆ ಅಂಚು ಇನ್ನೂ ಸುಡುತ್ತದೆ. ಹೊಸ ಚಿಗುರು ಆರೋಗ್ಯವಾಗಿ ಬಂದು ಎಲೆ ಬಲಿತ ಮೇಲೆ ಎಣ್ಣೆ ಹಿಂಡಿಯ ಸಣ್ಣ ಉಂಡೆಗಳನ್ನು ಕುಂಡದ ಅಂಚಿನಲ್ಲಿಡಿ, ಕಾಂಡಕ್ಕೆ ತಾಗಬಾರದು.

ತಂತಿಸುರುಳಿ
ಎಲೆ ಮೇಲೆ ದಿನಕ್ಕೆ ನಾಲ್ಕು ಸಲ ನೀರು ಸಿಂಪಡಿಸಿದರೆ ಸುಡುವುದು ನಿಲ್ಲುತ್ತದಲ್ಲ, ಇಷ್ಟೆಲ್ಲ ಯಾಕೆ?

ಬೇರುಮೂಲ
ಐದು ನಿಮಿಷ ನಿಲ್ಲುತ್ತದೆ. ಆಮೇಲೆ ಆವಿಯಾಗಿ, ಗಡಸು ನೀರಾದರೆ ಬಿಳಿ ಕಲೆ ಉಳಿಯುತ್ತದೆ, ಒದ್ದೆ ಎಲೆಯಲ್ಲಿ ಶಿಲೀಂಧ್ರಕ್ಕೆ ದಾರಿಯಾಗುತ್ತದೆ. ನೀರು ಬೇರಿಗೆ: ತೂತಿನಿಂದ ಹರಿಯುವವರೆಗೆ ಒಮ್ಮೆ, ಐದು ನಿಮಿಷ ಬಿಟ್ಟು ಇನ್ನೊಮ್ಮೆ. ಮುಂದಿನ ಸಲ ಯಾವಾಗ ಎಂಬುದನ್ನು ಗಡಿಯಾರ ಹೇಳುವುದಿಲ್ಲ, ಕಡ್ಡಿ ಹೇಳುತ್ತದೆ.

ಹೊಸಚಿಗುರು
ಅರ್ಥವಾಯಿತು. ಗೆಣ್ಣು ಉದ್ದವಾಗಿರುವುದಕ್ಕೆ ಏನು ಮಾಡಬೇಕು? ಚಿಗುರು ಚಿವುಟಬೇಕಿತ್ತೇ?

ಎಲೆಜೋಡಿ
ಮೊದಲು ತೀರ್ಮಾನಿಸಬೇಕಾದ್ದು ಗಿಡ ಯಾವ ಹಂತದಲ್ಲಿದೆ ಎಂಬುದು. ಈ ಮರದ ಬಗ್ಗೆ ಓದುವ ಸಲಹೆಗಳಲ್ಲಿ ಅರ್ಧಕ್ಕರ್ಧ ಒಂದಕ್ಕೊಂದು ವಿರುದ್ಧವಾಗಿ ಕಾಣಲು ಇದೇ ಕಾರಣ. ಕಾಂಡ ದಪ್ಪವಾಗಬೇಕು, ಮುಖ್ಯ ಕೊಂಬೆ ಬೇಕು ಎಂಬ ಹಂತಕ್ಕೆ ಹೇಳಿದ್ದು ಒಂದು, ಕೊಂಬೆಯೆಲ್ಲ ಸಿದ್ಧವಾಗಿ ತುದಿಯ ಸಣ್ಣ ಸಿಬಿರು ಹೆಚ್ಚಿಸುವ ಹಂತಕ್ಕೆ ಹೇಳಿದ್ದು ಇನ್ನೊಂದು. ಚಿವುಟುವುದು, ಎಲೆ ತೆಗೆಯುವುದು ಎರಡೂ ಗಿಡದ ಶಕ್ತಿ ತಗ್ಗಿಸುವ ಕೆಲಸ. 3 ಸೆಂ.ಮೀ. ಕಾಂಡದ ಗಿಡಕ್ಕೆ ಶಕ್ತಿ ತಗ್ಗಿಸಿ ಏನು ಸಾಧಿಸುತ್ತೀರಿ?

ಈ ಹಂತದಲ್ಲಿ ಚಿಗುರನ್ನು 5–6 ಜೋಡಿ ಎಲೆ ಬರುವವರೆಗೆ ಓಡಲು ಬಿಡಿ. ಎಲೆ ಬಲಿತ ಮೇಲೆ ಮೊದಲ ಅಥವಾ ಎರಡನೇ ಜೋಡಿಗೆ ಕತ್ತರಿಸಿ. ಎಲೆಗಳು ಎದುರುಬದುರು ಜೋಡಿಯಾಗಿ ಬರುವುದರಿಂದ ಕತ್ತರಿಸಿದಲ್ಲಿ ಎರಡು ಕವಲು ಸಿಗುತ್ತವೆ. ಮೊದಲ ಗೆಣ್ಣೇ 5 ಸೆಂ.ಮೀ. ದೂರದಲ್ಲಿದ್ದರೆ ಅದನ್ನು ಉಳಿಸಿ ಪ್ರಯೋಜನವಿಲ್ಲ. ಉದ್ದ ಗೆಣ್ಣು ಮುಂದೆ ದಪ್ಪವಾದೀತೇ ಹೊರತು ಗಿಡ್ಡವಾಗದು, ನಡುವಿನ ನುಣುಪು ಭಾಗದಲ್ಲಿ ಮೊಗ್ಗು ಮೂಡುವುದೂ ಇಲ್ಲ. ಅಂಥ ರೆಂಬೆಯನ್ನು ಬುಡದ ಉಂಗುರದ ಗುರುತಿನವರೆಗೆ ಕತ್ತರಿಸಿ. ಆ ಸುಕ್ಕುಸುಕ್ಕಾದ ಜಾಗದಲ್ಲಿ ಮಲಗಿದ ಮೊಗ್ಗುಗಳಿರುತ್ತವೆ. ಆದರೆ ಇದು ಈ ವರ್ಷದ ಕೆಲಸವಲ್ಲ.

ವಸಂತದ ಮೊದಲ ಚಿಗುರಿಗೆ ಸಾರಜನಕ ಸುರಿದರೆ, ಬೆಳಕು ಕಡಿಮೆಯಾದರೆ, ಗೆಣ್ಣು ಎಳೆದುಕೊಳ್ಳುತ್ತದೆ. ಸಿದ್ಧವಾದ ಮರಕ್ಕೆ ಎಲೆ ಬಲಿಯುವವರೆಗೆ ಗೊಬ್ಬರ ಕೊಡದಿರುವುದು ಅದಕ್ಕೇ.

ತಂತಿಸುರುಳಿ
ಚಿವುಟುವ ಕ್ರಮ ಮುಂದಕ್ಕಾದರೂ ಬೇಕಲ್ಲ, ಬರೆದುಬಿಡಿ.

ಎಲೆಜೋಡಿ
ಮೊಗ್ಗು ಒಡೆದಾಗ ಮೊದಲ ಎರಡು ಎಲೆಗಳು ಕೈಮುಗಿದಂತೆ ಹೊರಬರುತ್ತವೆ. ಕೈ ಬಿಚ್ಚುವ ಹೊತ್ತಿಗೆ ನಡುವೆ ಅಲ್ಪವಿರಾಮದಷ್ಟು ಚಿಕ್ಕ, ಮೆತ್ತನೆಯ ತುದಿ ಕಾಣುತ್ತದೆ. ಅದೇ ಮುಂದಿನ ಜೋಡಿ. ತೆಳು ಮೂತಿಯ ಚಿಮಟದಿಂದ ಅದನ್ನಷ್ಟೇ ಹಿಡಿದು ತಿರುಚಿ ತೆಗೆಯಬೇಕು, ಎಲೆಯ ತೊಟ್ಟು ಮುಟ್ಟಬಾರದು. ಎರಡು ದಿನ ತಡವಾದರೆ ಅದು ಉದ್ದವಾಗಿಬಿಟ್ಟಿರುತ್ತದೆ, ಮೊದಲ ಗೆಣ್ಣೂ ಜೊತೆಗೆ ಎಳೆದಿರುತ್ತದೆ. ಮರದ ತಲೆಯಲ್ಲಿ ಮೊಗ್ಗು ಮೊದಲು ಒಡೆಯುತ್ತದೆ, ಒಳಗಡೆ ಮತ್ತು ಕೆಳಗೆ ನಿಧಾನ. ಹಾಗಾಗಿ ಎರಡು ಮೂರು ವಾರ ದಿನ ಬಿಟ್ಟು ದಿನ ನೋಡಬೇಕು. ಸೊರಗಿದ ಕೆಳಕೊಂಬೆಯನ್ನು ಚಿವುಟದೆ ಬಿಡಿ, ಅದು ತಲೆಯ ಸಮಕ್ಕೆ ಬರಲಿ.

ಬೇರುಮೂಲ
ಒಂದು ತಕರಾರು. ಇದನ್ನು ಪ್ರತಿ ವರ್ಷ, ಇಡೀ ಮರಕ್ಕೆ ಮಾಡಿದರೆ ಮೂರು ನಾಲ್ಕು ವರ್ಷಗಳಲ್ಲಿ ಮರ ನಿಂತಲ್ಲೇ ಬಳಲುತ್ತದೆ. ನಡುವೆ ಒಂದು ವರ್ಷ ಚಿಗುರನ್ನು ಬಿಟ್ಟು, ಆಮೇಲೆ ಕತ್ತರಿಸುವುದು ಲೇಸು.

ಎಲೆಜೋಡಿ
ಒಪ್ಪಿದೆ. ಕುಂಡ ಬದಲಿಸಿದ ವರ್ಷ ಚಿವುಟದಿರುವುದು ಸುಲಭದ ನಿಯಮ.

ಎಲೆ ತೆಗೆಯುವುದಕ್ಕೂ ಇದೇ ಮಾತು. ಮರ ಗಟ್ಟಿಯಾಗಿದ್ದು, ಕುಂಡ ಬದಲಿಸಿ ಒಂದು ವರ್ಷ ಕಳೆದಿದ್ದು, ಎಲೆ ಬಿಚ್ಚಿ 6–8 ವಾರವಾಗಿ ಚರ್ಮದಂತೆ ಬಲಿತಿದ್ದರೆ ಮಾತ್ರ. ಆಗಲೂ ಪೂರ್ತಿ ಬೋಳಿಸುವುದಕ್ಕಿಂತ ಹೊರಮೈಯ ಪ್ರತಿ ಜೋಡಿಯಲ್ಲಿ ಒಂದು ಎಲೆ ತೆಗೆದು ಒಳಗಿನದನ್ನು ಮುಟ್ಟದಿರುವುದೇ ಹೆಚ್ಚು ಫಲ ಕೊಡುತ್ತದೆ. ನಿಜವಾದ ಲಾಭ ಎಲೆ ಸಣ್ಣದಾಗುವುದಲ್ಲ, ಒಳಗೆ ಬೆಳಕು ಬಿದ್ದು ತೆಳು ರೆಂಬೆ ಉಳಿಯುವುದು. ತೊಟ್ಟನ್ನು ಉಳಿಸಿ ಕತ್ತರಿಸಿ. ಅದರ ಬುಡದಲ್ಲಿ ಮೊಗ್ಗಿದೆ, ಒಣಗಿ ತಾನೇ ಉದುರುತ್ತದೆ. ಮೂರು ನಾಲ್ಕು ವಾರದಲ್ಲಿ ಹೊಸ ಎಲೆ ಬರುತ್ತದೆ. ಅವು ಎಳೆಯವಾದ್ದರಿಂದ ಬೇಗ ಸುಡುತ್ತವೆ. ಬಿಸಿಲಿನ ತುತ್ತತುದಿಯಲ್ಲಿ ಎಲೆ ತೆಗೆದು ಮರುಚಿಗುರನ್ನೂ ಸುಡಿಸಿಕೊಳ್ಳುವವರೇ ಹೆಚ್ಚು.

ನೆರಳುಬಳ್ಳಿ
ನಡುವೆ ಒಂದು ಪ್ರಶ್ನೆ. ತಲೆಯಲ್ಲಿ ಬೆರಳು ದಪ್ಪದ ಕೊಂಬೆಯೊಂದನ್ನು ತೆಗೆಯಬೇಕು. ಚಳಿಗಾಲದ ಕೊನೆಯಲ್ಲಿ ಕತ್ತರಿಸಿದರೆ ನೀರು ಸುರಿಯುತ್ತದೆ ಎನ್ನುತ್ತಾರೆ, ಅದು ಮರವನ್ನು ಕೊಲ್ಲುತ್ತದೆಯೇ?

ಬೇರುಮೂಲ
ಕೊಲ್ಲುವುದಿಲ್ಲ, ಆದರೆ ಗಾಯ ಒದ್ದೆಯಾಗಿಯೇ ಉಳಿದು ಶಿಲೀಂಧ್ರಕ್ಕೆ ಬಾಗಿಲಾಗುತ್ತದೆ, ಗಾಯಕ್ಕೆ ಹಚ್ಚುವ ಪೇಸ್ಟ್ ಅಂಟುವುದೂ ಇಲ್ಲ. ಮೊಗ್ಗು ಒಡೆಯುವ ಮೊದಲು ಮೇಪಲ್‌ನಲ್ಲಿ ರಸದ ಒತ್ತಡ ಏರುತ್ತದೆ. ದೊಡ್ಡ ಗಾಯಕ್ಕೆ ಒಳ್ಳೆಯ ಕಾಲ ವಸಂತದ ಎಲೆ ಬಲಿತ ಮೇಲೆ, ಬೇಸಿಗೆಯ ಮೊದಲ ಭಾಗ. ಆಗ ತೊಗಟೆ ಬೇಗ ಉರುಳಿ ಮುಚ್ಚುತ್ತದೆ. ಎರಡನೆಯದು ಎಲೆ ಉದುರಿದ ಕೂಡಲೇ.

ಕಾಂಡಕ್ಕೆ ತಾಗಿಸಿ ತೆಗೆಯುವುದಾದರೆ ಕಾನ್ಕೇವ್ ಕಟರ್‌ನಿಂದ (ಒಳಬಾಗಿದ ಬಾಯಿಯ ಕತ್ತರಿ) ತುಸು ಒಳತಗ್ಗಾಗಿ ಕತ್ತರಿಸಿ, ಅಂಚನ್ನು ಹರಿತ ಚಾಕುವಿನಿಂದ ನಯಮಾಡಿ, ಗಾಯಕ್ಕೆ ಹಚ್ಚುವ ಪೇಸ್ಟನ್ನು ಅಂಚಿನ ಹಸಿರು ಪದರ ಮುಚ್ಚುವಂತೆ ಒತ್ತಿ. ರೆಂಬೆಯನ್ನು ಗಿಡ್ಡಮಾಡುವಾಗ ಇದಕ್ಕೆ ತದ್ವಿರುದ್ಧ. ಬೇಕಾದ ಮೊಗ್ಗಿನ ಮೇಲೆ ಅರ್ಧ ಗೆಣ್ಣಿನಷ್ಟು ತುಂಡು ಬಿಡಿ. ಮೇಪಲ್ ಕತ್ತರಿಸಿದ ಜಾಗದಿಂದ ಹಿಂದಕ್ಕೆ ಒಣಗುತ್ತದೆ, ಮೊಗ್ಗಿಗೆ ತಾಗಿಸಿ ಕತ್ತರಿಸಿದರೆ ಅದೂ ಹೋಗುತ್ತದೆ. ಒಣಗಿದ ತುಂಡನ್ನು ಆಮೇಲೆ ತೆಗೆದರಾಯಿತು.

ತಂತಿಸುರುಳಿ
ತಂತಿಯ ಬಗ್ಗೆ ನಾನು ಸೇರಿಸುತ್ತೇನೆ. ಅಲ್ಯೂಮಿನಿಯಂ ತಂತಿ, ರೆಂಬೆಯ ಮೂರನೇ ಒಂದು ದಪ್ಪ, 45 ಡಿಗ್ರಿ ಓರೆ. ತೊಗಟೆ ತೆಳು, ವಸಂತದಲ್ಲಿ ಬೆಳವಣಿಗೆ ಜೋರು. ಮೂರು ನಾಲ್ಕು ವಾರದಲ್ಲೇ ತಂತಿ ಕಚ್ಚಬಹುದು. ಕಚ್ಚಿದ ಗುರುತು ನುಣುಪು ತೊಗಟೆಯ ಮೇಲೆ ವರ್ಷಗಟ್ಟಲೆ ಕಾಣುತ್ತದೆ. ವಾರಕ್ಕೊಮ್ಮೆ ನೋಡಿ. ಬಿಚ್ಚಲು ಹೋಗಬೇಡಿ, ತುಂಡುತುಂಡಾಗಿ ಕತ್ತರಿಸಿ ತೆಗೆಯಿರಿ, ಬಿಚ್ಚುವಾಗ ಮುರಿಯುವ ಮೊಗ್ಗುಗಳಿಗೆ ಲೆಕ್ಕವಿಲ್ಲ. ದಪ್ಪ ಕೊಂಬೆಯನ್ನು ಕೆಳಗಿಳಿಸಬೇಕಾದರೆ ಸುತ್ತುವ ಬದಲು ಕುಂಡದ ಅಂಚಿಗೆ ಎಳೆದು ಕಟ್ಟುವುದು ಮೇಲು. ತಂತಿ ತಾಗುವಲ್ಲಿ ಒಂದು ರಬ್ಬರ್ ಕೊಳವೆ ಹಾಕಿ.

ಬೇಕಾದಲ್ಲಿ ಕೊಂಬೆಯೇ ಇಲ್ಲದಿದ್ದರೆ ತೂತುಕಸಿ ಮಾಡಬಹುದು. ಅದೇ ಗಿಡದ ಉದ್ದ ಚಿಗುರನ್ನು ಎಲೆಯಿಲ್ಲದ ಕಾಲದಲ್ಲಿ, ಮೊಗ್ಗು ಉಬ್ಬುವ ಮೊದಲು, ಕಾಂಡದಲ್ಲಿ ಕೊರೆದ ತೂತಿನ ಮೂಲಕ ದಾಟಿಸಿ. ತೂತು ಚಿಗುರಿಗಿಂತ ಕೂದಲೆಳೆ ಅಗಲವಿದ್ದರೆ ಸಾಕು. ಮೊಗ್ಗು ಉಜ್ಜದಂತೆ ನುಣುಪು ಟೇಪ್ ಸುತ್ತಿ ದಾಟಿಸಿ, ಆಮೇಲೆ ತೆಗೆಯಿರಿ. ಎರಡೂ ಬಾಯಿಗೆ ಪೇಸ್ಟ್. ಹೊರಬಂದ ಬದಿ ಒಳಹೋದ ಬದಿಗಿಂತ ಕಣ್ಣಿಗೆ ಕಾಣುವಷ್ಟು ದಪ್ಪವಾದಾಗ ಕಸಿ ಹಿಡಿದಿದೆ. ಆಗ ಒಳಹೋಗುವ ಬದಿ ಕತ್ತರಿಸಿ. ಒಂದು ಹಂಗಾಮು ಸಾಕಾಗಬಹುದು, ಎರಡೂ ಬೇಕಾಗಬಹುದು. ಅವಸರಪಟ್ಟರೆ ಚಿಗುರು ಒಣಗಿ ತೂತು ಮಾತ್ರ ಉಳಿಯುತ್ತದೆ.

ನೆರಳುಬಳ್ಳಿ
ಚಳಿಯೇ ಇಲ್ಲದ ಕಡೆ ಇದು ಬದುಕುತ್ತದೆಯೇ? ಮನೆಯೊಳಗೆ ಇಡಬಹುದೇ?

ಜರಡಿ
ಮನೆಯೊಳಗೆ ಖಂಡಿತ ಬೇಡ. ಈ ಮರಕ್ಕೆ ನಿದ್ದೆ ಬೇಕು: ಸುಮಾರು ಎರಡು ಮೂರು ತಿಂಗಳು 0ರಿಂದ 7 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪು. ಅದು ಸಿಗದಿದ್ದರೆ ಮೊಗ್ಗು ತಡವಾಗಿ, ಅಲ್ಲೊಂದು ಇಲ್ಲೊಂದು ಒಡೆಯುತ್ತವೆ, ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಒಂದೆರಡು ವರ್ಷ ಬದುಕಿತು ಎಂಬುದು ಒಗ್ಗಿಕೊಂಡಿತು ಎಂಬುದಕ್ಕೆ ಸಾಕ್ಷಿಯಲ್ಲ, ಕೂಡಿಟ್ಟದ್ದನ್ನು ತಿನ್ನುತ್ತಿರುತ್ತದೆ. ಚಳಿಯಿಲ್ಲದ ಕಡೆ ಆಲ, ಅತ್ತಿಯ ಜಾತಿಗಳನ್ನು ಬೆಳೆಸುವುದು ಜಾಣತನ. ಬಯಕೆ ತಡೆಯದಿದ್ದರೆ ಬೇರೆ ಮಾತು.

ಅತಿ ಚಳಿಯೂ ಕಷ್ಟವೇ. ನೆಲದಲ್ಲಿ ತಡೆಯುವ ಮರ ಕುಂಡದಲ್ಲಿ ತಡೆಯದು. ಬೇರಿನ ಉಂಡೆ ಸುಮಾರು -10 ಡಿಗ್ರಿಗೆ ಇಳಿದರೆ ಬೇರು ಸಾಯುತ್ತದೆ. ಕುಂಡವನ್ನು ನೆಲದಲ್ಲಿ ಹೂತು ಎಲೆಗೊಬ್ಬರ ಮುಚ್ಚಿ, ಅಥವಾ ಬಿಸಿಯಿಲ್ಲದ ಕೊಟ್ಟಿಗೆಗೆ ಸರಿಸಿ. ಎಲೆಯಿಲ್ಲದಿದ್ದರೂ ಮಣ್ಣು ಪೂರ್ತಿ ಒಣಗಬಾರದು.

ಹೊಸಚಿಗುರು
ಚಳಿ ಇಲ್ಲಿ ಸಾಕಷ್ಟಿದೆ. ಹಾಗಾದರೆ ಮುಂದಿನ ವಸಂತದಲ್ಲಿ ಮಣ್ಣು ಬದಲಿಸುತ್ತೇನೆ. ಮಿಶ್ರಣ, ಕ್ರಮ ಹೇಳಿ. ಬರೀ ಅಕಡಾಮ ಸಾಕೇ?

ಜರಡಿ
ಸಾಕಾಗುತ್ತದೆ, ಆದರೆ ಬೆರೆಸಿದರೆ ಹೆಚ್ಚು ಕಾಲ ಬಾಳುತ್ತದೆ. ಅಕಡಾಮ ಜಪಾನಿನ ಜ್ವಾಲಾಮುಖಿ ಮೂಲದ ಜೇಡಿಯ ಹರಳು. ನೀರನ್ನೂ ಗಾಳಿಯನ್ನೂ ಒಟ್ಟಿಗೆ ಹಿಡಿಯುತ್ತದೆ, ಬೇರು ಅದರೊಳಗೇ ನುಗ್ಗಿ ಸಣ್ಣಗೆ ಕವಲೊಡೆಯುತ್ತದೆ. ಹೆಪ್ಪುಗಟ್ಟುವ ಚಳಿಯಲ್ಲಿ ಎರಡು ಮೂರು ವರ್ಷಕ್ಕೆ ಪುಡಿಯಾಗುವುದು ಅದರ ದೋಷ. 3 ಪಾಲು ಅಕಡಾಮ, 1 ಪಾಲು ಪ್ಯೂಮಿಸ್ (ತೂತುತೂತಾದ ಹಗುರ ಜ್ವಾಲಾಮುಖಿ ಕಲ್ಲು), 1 ಪಾಲು ಲಾವಾ ಕಲ್ಲು. ಕಣ 2ರಿಂದ 5 ಮಿ.ಮೀ. ಅಕಡಾಮ ಸಿಗದಿದ್ದರೆ ಪ್ಯೂಮಿಸ್, ಗಟ್ಟಿಯಾಗಿ ಸುಟ್ಟ ಜೇಡಿಯ ಚೂರು, ಕಾಲುಭಾಗ ಜರಡಿ ಹಿಡಿದ ಪೈನ್ ತೊಗಟೆ. ಯಾವುದೇ ಆಗಲಿ, 2 ಮಿ.ಮೀ. ಜರಡಿಯ ಕೆಳಗೆ ಬಿದ್ದ ಪುಡಿಯನ್ನು ಎಸೆಯಿರಿ. ಜಲ್ಲಿಪದರ ಬೇಡ, ತೂತಿಗೆ ಬಲೆ ಸಾಕು.

ಬೇರುಮೂಲ
ಕ್ರಮ. ಮೊಗ್ಗು ಉಬ್ಬಿ ಹೊದಿಕೆಯ ನಡುವೆ ಬಣ್ಣದ ಗೆರೆ ಕಾಣುವಾಗ, ಎಲೆ ಬಿಚ್ಚುವ ಮೊದಲು. ಒಂದೆರಡು ದಿನ ಮುಂಚೆ ನೀರು ಕಡಿಮೆ ಮಾಡಿ. ಮಣ್ಣು ತುಸು ಒಣಗಿದ್ದರೆ ಬೇರು ಹರಿಯದೆ ಬಿಡಿಸಿಕೊಳ್ಳುತ್ತದೆ. ಕೊಕ್ಕೆಯಿಂದ ಕಾಂಡದ ಬುಡದಿಂದ ಹೊರಕ್ಕೆ ಬಾಚಿ, ಸುತ್ತ ಸುತ್ತ ಅಲ್ಲ. ಆಮೇಲೆ ಉಂಡೆಯನ್ನು ಮಗುಚಿ: ನೇರ ಕೆಳಗಿಳಿಯುವ ದಪ್ಪ ಬೇರುಗಳನ್ನು ಸಪಾಟಾಗಿ ತೆಗೆಯಿರಿ, ಪಕ್ಕಕ್ಕೆ ಹರಡಿದ್ದನ್ನು ಉಳಿಸಿ. ಒಟ್ಟು ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಕಪ್ಪಾಗಿ ಮೆತ್ತಗಾದದ್ದನ್ನೆಲ್ಲ ಗಟ್ಟಿ ಬಿಳಿ ಭಾಗದವರೆಗೆ ಕತ್ತರಿಸಿ. ಹಳೆಯ ತೋಟದ ಮಣ್ಣು ನಡುವೆ ಉಂಡೆಗಟ್ಟಿದ್ದರೆ ಈ ಸಲ ಒಂದು ಅರ್ಧವನ್ನು ನೀರಿನಿಂದ ತೊಳೆಯಿರಿ, ಇನ್ನರ್ಧ ಮುಂದಿನ ಸಲಕ್ಕೆ.

ಬೇರು ನಕ್ಷತ್ರದಂತೆ ಹರಡಬೇಕಾದರೆ ಆಗಲೇ ಒಂದು ಕೆಲಸ ಮಾಡಬಹುದು. ಬುಡದಡಿಗೆ ಚಪ್ಪಟೆ ಹಲಗೆ ಅಥವಾ ಹಂಚಿನ ತುಂಡಿಟ್ಟು, ಬೇರುಗಳನ್ನು ಅದರ ಮೇಲೆ ಹರಡಿ ಕೂರಿಸಿ. ಕೆಳಗಿಳಿಯಲು ದಾರಿಯಿಲ್ಲದೆ ಪಕ್ಕಕ್ಕೆ ಹೋಗುತ್ತವೆ. ಮೇಪಲ್ ಬೇರುಗಳು ಪರಸ್ಪರ ತಾಗಿದಲ್ಲಿ ಬೆಸೆದುಕೊಂಡು ವರ್ಷಗಳ ಮೇಲೆ ಒಂದೇ ತಟ್ಟೆಯಂತಾಗುತ್ತವೆ.

ಕುಂಡದ ತೂತಿನಿಂದ ತಂದ ತಂತಿಯಲ್ಲಿ ಗಿಡವನ್ನು ಬಿಗಿಯಾಗಿ ಕಟ್ಟಿ. ಕಾಂಡ ಹಿಡಿದು ಅಲುಗಿಸಿದರೆ ಕುಂಡವೂ ಜೊತೆಗೆ ಅಲುಗಬೇಕು. ಅಲುಗುವ ಗಿಡದಲ್ಲಿ ಹೊಸ ಬೇರಿನ ತುದಿ ಹುಟ್ಟಿದಂತೆ ಹರಿಯುತ್ತದೆ. ಮಣ್ಣನ್ನು ಕಡ್ಡಿಯಿಂದ ಬೇರಿನ ಸಂದಿಗಳಿಗೆ ಇಳಿಸಿ, ಗುದ್ದಬೇಡಿ. ತೂತಿನಿಂದ ತಿಳಿನೀರು ಬರುವವರೆಗೆ ನೀರು ಹಾಯಿಸಿ. ಮೂರು ನಾಲ್ಕು ವಾರ ಗಾಳಿ, ಹಿಮದಿಂದ ಮರೆ. ಗೊಬ್ಬರ 5–6 ವಾರದ ಮೇಲೆ.

ತಂತಿಸುರುಳಿ
5 ಸೆಂ.ಮೀ. ಕುಂಡಕ್ಕೆ ಮತ್ತೆ ಹಾಕಬೇಡಿ ಎಂದು ಯಾರೂ ಹೇಳಲಿಲ್ಲವಲ್ಲ! ಕಾಂಡ ದಪ್ಪವಾಗುವವರೆಗೆ 10–12 ಸೆಂ.ಮೀ. ಆಳದ ಅಗಲ ಪೆಟ್ಟಿಗೆಯಲ್ಲಿ ಬೆಳೆಸಿ. ತೆಳು ಕುಂಡ ಮುಗಿದ ಮರಕ್ಕೆ.

ಬೇರುಮೂಲ
ಹೌದು, ಅದು ಮೊದಲೇ ಬರಬೇಕಿತ್ತು. ಹೊಸ ಮಿಶ್ರಣ, ಆಳದ ಪೆಟ್ಟಿಗೆ ಎರಡರಲ್ಲಿ ಒಂದನ್ನೇ ಮಾಡುವುದಾದರೆ ಪೆಟ್ಟಿಗೆ.

ಹೊಸಚಿಗುರು
ಮರದ ತುಂಡು ಕೊಟ್ಟು ಓರೆ ಮಾಡಿದೆ, ಅರ್ಧ ಲೋಟದಷ್ಟು ನೀರು ಇಳಿಯಿತು. ಕೊನೆಯದೊಂದು: ಮಣ್ಣಿನ ಮೇಲೆ ದಪ್ಪ ಪಾಚಿ ಬೆಳೆದಿದೆ. ಇರಲೇ?

ಜರಡಿ
ಈಗ ಬೇಡ. ಪಾಚಿಯಡಿ ಮಣ್ಣು ಒಣಗಿದ್ದು ಕಾಣುವುದಿಲ್ಲ, ನೆನೆದಿದ್ದೂ ಕಾಣುವುದಿಲ್ಲ. ಅಂಚಿನಲ್ಲಿ ಎರಡು ಬೆರಳಗಲ ಬಿಟ್ಟು ಉಳಿದದ್ದನ್ನು ಚಿಮಟದಿಂದ ಎತ್ತಿ. ಕಾಂಡದ ಬುಡ ಹತ್ತಿದ್ದನ್ನು ಹಳೆಯ ಹಲ್ಲುಜ್ಜುವ ಬ್ರಷ್ ಒದ್ದೆ ಮಾಡಿ ಉಜ್ಜಿ ತೆಗೆಯಿರಿ. ತೊಗಟೆ ಸದಾ ಒದ್ದೆಯಿದ್ದರೆ ಅಲ್ಲೇ ಮೆತ್ತಗಾಗಿ ಕೊಳೆಯುತ್ತದೆ. ಎತ್ತಿದ ಪಾಚಿಯನ್ನು ತಟ್ಟೆಯಲ್ಲಿ ಒಣಗಿಸಿ ಪುಡಿಮಾಡಿಟ್ಟುಕೊಳ್ಳಿ, ವಸಂತದಲ್ಲಿ ಹೊಸ ಮಣ್ಣಿನ ಮೇಲೆ ಉದುರಿಸಿದರೆ ಮತ್ತೆ ಬರುತ್ತದೆ.